ಗಿಳಿಗೆ ನಾಲ್ಕು ಸಾಲು

ಮುದ್ರಣಾಲಯದಲ್ಲಿ ಅವರನ್ನು ಎಲ್ಲರೂ ಕೊಂಬಿನ ತಾತ ಎನ್ನುತ್ತಿದ್ದರು. ಯಾವ ಅಕ್ಷರಕ್ಕೆ ಕೊಂಬು ಬಿಟ್ಟುಹೋದರೂ ಅವರ ಕಣ್ಣು ತಪ್ಪಿಸಿ ಕರಡು ಮುಂದೆ ಹೋಗುತ್ತಿರಲಿಲ್ಲ. ಮೂವತ್ತು ವರ್ಷ ಕರಡು ತಿದ್ದಿದ ಆ ಕಣ್ಣು ಅಂದು ಬೆಳಿಗ್ಗೆ ಒಂದು ಇಸವಿಯ ಮೇಲೆ ನಿಂತುಬಿಟ್ಟಿತು.

ಪುಸ್ತಕ, ಒಂದೇ ಹೆಸರು ಹೊತ್ತ ಹಿರಿಯರ ಚಿಕ್ಕ ಚಿಕ್ಕ ಜೀವನಚರಿತ್ರೆಗಳದು. ಆ ಪುಟದಲ್ಲಿ ಮೂವರು ಇರಬೇಕಾಗಿತ್ತು: ಒಬ್ಬ ರಾಣಿ, ಒಬ್ಬ ಗಾಯಕಿ, ಮೂರನೆಯವಳು ತಾತನ ಅಕ್ಕ. ನಲವತ್ತು ವರ್ಷ ಸೂಲಗಿತ್ತಿಯಾಗಿದ್ದು, ಬಡ ಹೆಂಗಸರಿಗೆಂದು ಊರಿನ ಮೊದಲ ಹೆರಿಗೆಮನೆ ತೆರೆದವಳು. ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಕರಡಿನಲ್ಲಿ ಇಬ್ಬರೇ ಇದ್ದರು. ಹೆರಿಗೆಮನೆ, ಅದನ್ನು ತೆರೆದ ಇಸವಿಯ ಸಮೇತ, ರಾಣಿಯ ಪಾಲಾಗಿತ್ತು.

ತಾತ ಕರಡು ಹಿಡಿದು ಸಂಪಾದಕನ ಕೋಣೆಗೆ ನಡೆದರು.

“ಈ ರಾಣಿ ಸತ್ತು ತೊಂಬತ್ತು ವರ್ಷ ಆದಮೇಲೆ ಎದ್ದು ಬಂದು ಹೆರಿಗೆಮನೆ ತೆರೆದ್ಲಾ?”

ಸಂಪಾದಕ, ತಾತನ ಮಗನ ವಯಸ್ಸಿನವನು, ತಲೆ ಎತ್ತಲಿಲ್ಲ. “ಮೂರು ಜನ ಒಂದೇ ಪುಟದಲ್ಲಿ ಹಿಡಿಯಲಿಲ್ಲ ತಾತ. ಇಸವಿ ತೆಗೆದುಬಿಡಿ, ಸರಿಹೋಗುತ್ತೆ. ಹೆಸರು ಹೇಗೂ ಒಂದೇ ತಾನೆ?”

ತಾತನಿಗೆ ಮೈ ಉರಿದುಹೋಯಿತು. “ನಿಮ್ಮ ಹೆಸರಿನ ಕಳ್ಳನೊಬ್ಬ ಮೊನ್ನೆ ಪತ್ರಿಕೇಲಿ ಬಂದಿದ್ದ. ಅವನ ಬದಲು ನೀವೇ ಜೈಲಿಗೆ ಹೋಗಿಬನ್ನಿ. ಹೆಸರು ಹೇಗೂ ಒಂದೇ ತಾನೆ?”

ಪಕ್ಕದ ಮೇಜಿನ ಟೈಪಿಸ್ಟ್ ಕೆಮ್ಮಿದಂತೆ ಮಾಡಿ ನಗು ನುಂಗಿದಳು.

“ನಾಲ್ಕು ಸಾಲಿಗೆ ಜಾಗ ಎಲ್ಲಿಂದ ತರಲಿ, ನೀವೇ ಹೇಳಿ,” ಎಂದ ಸಂಪಾದಕ.

“ರಾಣಿಯ ಗಿಳಿಗೆ ನಾಲ್ಕು ಸಾಲು ಕೊಟ್ಟಿದೀರಲ್ಲ. ಅದು ಏನು ತಿಂತಿತ್ತು, ಯಾರನ್ನ ಬೈತಿತ್ತು, ಎಲ್ಲಾ ಇದೆ.”

“ಓದೋರಿಗೆ ಗಿಳಿ ಇಷ್ಟ ಆಗುತ್ತೆ ತಾತ. ನಿಮ್ಮಕ್ಕನ ಪುಣ್ಯ ದೇವರು ಮರೀತಾನಾ? ಬಿಡಿ.”

“ಅವನು ಮರೆಯಲ್ಲ, ನನಗೆ ಗೊತ್ತು. ದಿನಾ ಅವನ ಮುಂದೆ ಕೂರೋನು ನಾನು. ಅವನ ನೆಪ ಹೇಳಿ ನೀವು ಮರೀಬೇಡಿ. ಈ ಪುಟಕ್ಕೆ ನಾನು ಸಹಿ ಹಾಕಲ್ಲ.”

ಅವರ ಸಹಿ ಇಲ್ಲದೆ ಯಾವ ಪುಟವೂ ಯಂತ್ರಕ್ಕೆ ಏರುವಂತಿರಲಿಲ್ಲ. ಪುಟ ಎಲ್ಲಿ ಎಂದು ಯಂತ್ರದವನು ಆಗಲೇ ಬಾಗಿಲಿಗೆ ಬಂದು ನಿಂತಿದ್ದ. ಸಂಪಾದಕ ಮುಖ ಗಂಟಿಕ್ಕಿಕೊಂಡು ಪೆನ್ನು ಮುಂದೆ ತಳ್ಳಿದ. “ಹೊಡೀರಿ. ಗಿಳೀನ ಹೊಡೆದು ಹಾಕಿ.”

ತಾತ ಗಿಳಿಯ ಮೇಲೆ ಗೆರೆ ಎಳೆದರು. ಹೆರಿಗೆಮನೆಯನ್ನು ರಾಣಿಯ ಕೈಯಿಂದ ಬಿಡಿಸಿಕೊಂಡರು. ಅಂಚಿನಲ್ಲಿ ಅಕ್ಕನ ಹೆಸರು ಬರೆದು, ಹುಟ್ಟಿದ ಇಸವಿ ಬರೆದು, ಒಂದು ಅಡ್ಡಗೆರೆ ಹಾಕಿದರು. ಸಾವಿರಾರು ಜನರ ಸಾವಿನ ಇಸವಿ ತಿದ್ದಿದ್ದ ಕೈ ಅಲ್ಲಿ ನಿಂತಿತು.

“ಆಯ್ತಾ?” ಎಂದ ಸಂಪಾದಕ.

“ತಡೀರಿ,” ಎಂದು ತಾತ ಕನ್ನಡಕ ಒರೆಸಿಕೊಂಡು ಆ ಇಸವಿಯನ್ನೂ ಬರೆದರು. ಆಮೇಲೆ ಸಹಿ ಹಾಕಿದರು.