ಕೊಳವೆಯೊಳಗಿನ ಗಾಳಿ

ಮೈದುನ ಎರಡನೆಯ ಬಕೆಟ್ ನೀರನ್ನು ಮೀನಿನ ತೊಟ್ಟಿಯ ಕೆಳಗಿದ್ದ ಇನ್ನೊಂದು ತೊಟ್ಟಿಗೆ ಸುರಿಯುತ್ತಿದ್ದಾಗ ಹಲ್ಲಿನ ಡಾಕ್ಟರು ಚಪ್ಪಲಿ ಬಿಟ್ಟು ಒಳಗೆ ಬಂದರು. ಕೈಯಲ್ಲಿ ಮುಚ್ಚಳವಿದ್ದ ನೀಲಿ ಡ್ರಮ್ಮಿತ್ತು.

"ಅದನ್ನ ಮೂಲೇಲಿ ಇಡಿ ಡಾಕ್ಟ್ರೇ. ಮುಂದೆ ನಡೀರಿ, ಮುಂದೆ ಜಾಗ ಇದೆ," ಎಂದ ಮೈದುನ. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಸಾವಿನ ಮನೆಯಲ್ಲೂ ಜನರನ್ನು ಒಳಗೆ ತುಂಬಿಸುವ ಕೆಲಸ ತಾನಾಗಿ ಅವನ ಪಾಲಿಗೆ ಬಂದಿತ್ತು. "ಅಣ್ಣನ ಗಾಡಿ ಹನ್ನೊಂದಕ್ಕೆ."

ಅಣ್ಣ ಹಜಾರದ ನಡುವೆ ಮಂಚದ ಮೇಲೆ ಮಲಗಿದ್ದ. ಕ್ಲಿನಿಕ್ಕು, ಹೋಟೆಲು, ಬ್ಯಾಂಕುಗಳಲ್ಲಿ ಮೀನಿನ ತೊಟ್ಟಿ ಕೂರಿಸಿ, ತಿಂಗಳಿಗೊಮ್ಮೆ ಹೋಗಿ ನೋಡಿಕೊಳ್ಳುವುದು ಅವನ ಕಸುಬು. ಊರಿಗೆಲ್ಲ ಮೀನ್ ಮಾಮ. ಅವನ ಸ್ವಂತ ತೊಟ್ಟಿ ಮಂಚದ ಹಿಂದೆ ಗೋಡೆಯುದ್ದಕ್ಕೂ ಇತ್ತು: ಆರು ಅಡಿ ಗಾಜು, ಹನ್ನೊಂದು ಕಿತ್ತಳೆ ಮೀನು.

"ಮಧ್ಯಾಹ್ನ ಎಲ್ಲ ಮುಗಿಸಿ ಬಂದಮೇಲೆ ಮೀನು ಹಿಡಿದು ಕೊಡ್ತೀನಿ," ಎಂದು ಮಗ ಡಾಕ್ಟರಿಗೆ ಮೆಲ್ಲಗೆ ಹೇಳಿದ. "ಅಮ್ಮನಿಗೆ ಮೊದಲಿಂದ್ಲೂ ಇದನ್ನ ಕಂಡ್ರಾಗಲ್ಲ."

ಮಂಚದ ತಲೆಯ ಬಳಿ ಕೂತಿದ್ದ ಅಮ್ಮನಿಗೆ ಅದು ಕೇಳಿಸಿತು. ಕಂಡ್ರಾಗಲ್ಲ ಎಂದು ನೂರು ಸಲ ಹೇಳಿದವಳು ಅವಳೇ. ನೆಂಟರು, ನೆರೆಯವರು, ಗಂಡನ ಗಿರಾಕಿಗಳು ಎಲ್ಲರೂ ಅದಕ್ಕೆ ಸಾಕ್ಷಿ. ಈಗ ಮೀನು ಕೊಡಬೇಡಿ ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು? ಡ್ರಮ್ಮನ್ನು ನೋಡಿದಳು.

*

ಎಂಟು ವರ್ಷದ ಹಿಂದೆ ಗಂಡ ಒಂದು ದವಡೆ ಹಲ್ಲು ಕೀಳಿಸಿಕೊಂಡು, ಊದಿದ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಮನೆಗೆ ಬಂದಿದ್ದ.

"ಏನನ್ನೂ ಬಾಯಲ್ಲಿ ಹೀರಬಾರದಂತೆ. ಗಾಯ ಬಿಟ್ಕೊಳ್ಳುತ್ತಂತೆ. ಈ ಕೆಲಸ ಇನ್ನು ನಿಂದೇ."

ಮೇಲಿನ ತೊಟ್ಟಿಯ ನೀರು ಅಂಚು ದಾಟಿ ಬರುವ ಬಾಗಿದ ಕೊಳವೆಯೊಂದರ ಮೂಲಕ ಕೆಳಗಿನ ತೊಟ್ಟಿಗೆ ಇಳಿಯುತ್ತಿತ್ತು. ಅಲ್ಲಿ ಸೋಸಿದ ನೀರನ್ನು ಪಂಪು ಮತ್ತೆ ಮೇಲಕ್ಕೆತ್ತುತ್ತಿತ್ತು. ಕೊಳವೆಯ ಬಾಗಿನಲ್ಲಿ ದಿನವೂ ಒಂದಿಷ್ಟು ಗುಳ್ಳೆ ಸೇರುತ್ತದೆ. ಗಾಳಿ ಹೆಚ್ಚಾದರೆ ಇಳಿಯುವ ನೀರು ಕಡಿದುಹೋಗುತ್ತದೆ. ಪಂಪಿಗೆ ಅದು ಗೊತ್ತಾಗುವುದಿಲ್ಲ, ಎತ್ತುತ್ತಲೇ ಇರುತ್ತದೆ. ಅದಕ್ಕೇ ಬಾಗಿನ ನೆತ್ತಿಗೆ ಸಿಕ್ಕಿಸಿದ ಸಣ್ಣ ಪೈಪಿನಿಂದ ಗಾಳಿಯನ್ನು ಪ್ರತಿ ಬೆಳಗ್ಗೆ ಬಾಯಲ್ಲಿ ಎಳೆಯಬೇಕು.

"ಮೀನು ಉಚ್ಚೆ ಹೊಯ್ದ ನೀರಿಗೆ ನಾನು ಬಾಯಿ ಇಡ್ಬೇಕಾ?"

"ನೀರಲ್ಲ, ಗಾಳಿ. ನೀರು ಬರೋಕೆ ಮೊದ್ಲೇ ಪೈಪು ಚಿವುಟಿ ಹಿಡಿ."

ಮೊದಲ ದಿನ ಚಿವುಟುವುದು ತಡವಾಗಿ ಅರ್ಧ ಬಾಯಿ ನೀರು ಕುಡಿದಳು. ಅವನು ನಗಲಾರದೆ, ಬಿಡಲಾರದೆ, ಎರಡೂ ಕೈಯಲ್ಲಿ ದವಡೆ ಹಿಡಿದುಕೊಂಡು ಕುಸಿದು ಕೂತ. ಎಂಟನೆಯ ದಿನ ಪೈಪನ್ನು ಅವನ ಮುಂದೆ ಹಿಡಿದಾಗ ಮುಖ ಸಣ್ಣದು ಮಾಡಿಕೊಂಡು, "ಡಾಕ್ಟ್ರು ಜನ್ಮಕ್ಕೇ ಬೇಡ ಅಂದಿದ್ದಾರೆ ಕಣೇ," ಎಂದ.

ಅಂದಿನಿಂದ ದಿನವೂ ಬೈದಳು, ದಿನವೂ ಎಳೆದಳು. ಎಳೆಯುವಾಗ ಮೀನುಗಳು ಗಾಜಿನ ಆಚೆ ಅವಳ ಮೂಗಿಗೆ ನೇರವಾಗಿ ಬಂದು ನಿಲ್ಲುತ್ತಿದ್ದವು. ಅವುಗಳನ್ನು ನೋಡುತ್ತ ಎಷ್ಟೋ ದಿನ ಒಲೆಯ ಮೇಲಿನ ಹಾಲು ಉಕ್ಕಿಸಿಕೊಂಡಿದ್ದಳು.

*

ಹತ್ತೂವರೆಗೆ ಅವಳು ಥಟ್ಟನೆ ತಲೆ ಎತ್ತಿದಳು.

"ನೀರು ಇಳೀತಿಲ್ಲ."

ಯಾರಿಗೂ ಅರ್ಥವಾಗಲಿಲ್ಲ. ಅಷ್ಟರಲ್ಲಿ ತೊಟ್ಟಿಯ ಅಂಚು ದಾಟಿದ ನೀರು ಗಾಜಿನ ಮೇಲೆ ಹಾಳೆಯಂತೆ ಜಾರಿ, ನೆಲಕ್ಕೆ ಬಿದ್ದು, ಮಂಚದ ಕಾಲಿನತ್ತ ಹರಿಯಿತು. ಗಂಡನ ಜೊತೆ ಆಸ್ಪತ್ರೆಯಲ್ಲಿದ್ದ ಮೂರು ದಿನ ಅವಳು ಗಾಳಿ ಎಳೆದಿರಲಿಲ್ಲ. ಕೆಳಗಿನ ತೊಟ್ಟಿಗೆ ಗಂಡ ಕೆಂಪು ಗೆರೆ ಎಳೆದಿದ್ದ. ಅದನ್ನು ಮೀರಿ ತುಂಬದಿದ್ದರೆ, ಕೊಳವೆ ಕೈಕೊಟ್ಟರೂ ಮೇಲಿನದು ಉಕ್ಕುವ ಮೊದಲೇ ಪಂಪಿಗೆ ನೀರು ಮುಗಿಯುತ್ತಿತ್ತು. ಈಗ ಆ ಗೆರೆಯ ಮೇಲೆ ಮೈದುನನ ಎರಡು ಬಕೆಟ್ ನೀರು ನಿಂತಿತ್ತು.

"ಮೀನಾದ್ರೂ ಸುಖವಾಗಿರ್ಲಿ ಅಂತ ಹಾಕ್ದೆ ಅತ್ತಿಗೆ."

ಮಗ ಓಡಿಹೋಗಿ ಸ್ವಿಚ್ ಆರಿಸಿದ. "ಇನ್ನು ಹಾಕೋದು ಬೇಡ. ಹೇಗೂ ಮಧ್ಯಾಹ್ನ ಕೊಡೋದೇ ಅಲ್ವಾ."

ಅವಳು ಎದ್ದಳು. ಒದ್ದೆ ನೆಲದ ಮೇಲೆ ನಡೆದುಹೋಗಿ, ತೊಟ್ಟಿಯ ಹಿಂದಿನಿಂದ ಸಣ್ಣ ಪೈಪನ್ನು ಹುಡುಕದೆಯೇ ತೆಗೆದು ಬಾಯಿಗಿಟ್ಟುಕೊಂಡಳು. ಕೆನ್ನೆಗಳು ಗುಳಿಬಿದ್ದವು. ಬಾಗಿನಲ್ಲಿದ್ದ ಗಾಳಿ ಬೆರಳುದ್ದವಿದ್ದದ್ದು ಕಡಲೆಕಾಳಿನಷ್ಟಾಯಿತು, ಆಮೇಲೆ ಇಲ್ಲವಾಯಿತು. ಪೈಪು ಚಿವುಟಿ ಮುಚ್ಚಳ ಹಾಕಿದಳು. ನೀರು ಬಳಬಳ ಇಳಿಯತೊಡಗಿತು. ಅವಳ ತುಟಿಗೆ ಒಂದು ಹನಿಯೂ ತಾಗಿರಲಿಲ್ಲ.

"ಈಗ ಹಾಕು ಸ್ವಿಚ್ಚು," ಎಂದಳು ಮಗನಿಗೆ. ಮೈದುನನತ್ತ ತಿರುಗಿ, "ನೀನು ಹಾಕಿದ್ದನ್ನ ನೀನೇ ತೆಗಿ. ಆ ಡ್ರಮ್ಮಿಗೆ ಹಾಕು."

"ನೀವು ಯಾವಾಗ ಕಲಿತ್ರಮ್ಮ ಇದನ್ನ?" ಎಂದು ಡಾಕ್ಟರು ಕೇಳಿದರು.

"ಕಲಿಸಿದ್ದು ನೀವೇ. ಇವರಿಗೆ ಜನ್ಮಪೂರ್ತಿ ಬಾಯಲ್ಲಿ ಎಳೀಬೇಡಿ ಅಂದಿದ್ರಲ್ಲ."

"ನಾನಾ? ನಾನು ಹೇಳಿದ್ದು ಏಳು ದಿನ." ಡಾಕ್ಟರು ಕನ್ನಡಕ ತೆಗೆದರು. "ನಮ್ಮ ಕ್ಲಿನಿಕ್ಕಿಂದು ಸಣ್ಣ ತೊಟ್ಟಿ, ಗಾಳಿ ನಿಧಾನ ಸೇರುತ್ತೆ. ಆಮೇಲೂ ತಿಂಗಳಿಗೊಂದ್ಸಲ ಬಂದು ಬಾಯಲ್ಲೇ ಎಳೀತಿದ್ರು. ನನ್ನ ಬೇಸಿನ್ನಲ್ಲೇ ಬಾಯಿ ಮುಕ್ಕಳಿಸಿ ಹೋಗೋರು."

"ನಮ್ಮ ಹೋಟೆಲಲ್ಲೂ ಬಾಯಲ್ಲೇ," ಎಂದಿತು ಹಿಂದಿನಿಂದ ಒಂದು ದನಿ. "ಎಳೆದಾದ ಮೇಲೆ ಎರಡು ಟೀ."

ಅವಳು ಗಂಡನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು.

"ಎಂಟು ವರ್ಷ," ಎಂದಳು ಅವನಿಗೆ. "ದಿನಾ ಬೆಳಗ್ಗೆ ದವಡೆ ಹಿಡ್ಕೊಂಡು ನರಳ್ತಿದ್ರಲ್ರೀ. ಕೀಳಿಸಿದ್ದು ಎಡಗಡೆ, ಒಂದೊಂದ್ಸಲ ಬಲಗಡೆ ಹಿಡ್ಕೊಳ್ತಿದ್ರಿ. ನನಗೆ ಆಗ್ಲೂ ಹೊಳೀಲಿಲ್ಲ."

ಮೊದಲು ನಕ್ಕವಳು ಅವಳೇ. ತಡೆಯಲು ನೋಡಿದಳು, ಆಗಲಿಲ್ಲ. ಮೈದುನ ಬಕೆಟ್ ಕೆಳಗಿಟ್ಟು ನಕ್ಕ. ಡಾಕ್ಟರು ಗೋಡೆಯ ಕಡೆ ತಿರುಗಿದರು, ಭುಜ ಕುಲುಕುತ್ತಿತ್ತು. ಬೆಳಗಿನಿಂದ ಬಾಯಿ ಬಿಗಿದುಕೊಂಡಿದ್ದ ಮಗ ನಗುತ್ತ ನಗುತ್ತ ಅತ್ತೇಬಿಟ್ಟ.

"ಡಾಕ್ಟ್ರೇ, ಮೀನು ಕೊಡಲ್ಲ," ಎಂದಳು ಅವಳು ಕಣ್ಣೊರೆಸಿಕೊಳ್ಳುತ್ತ.

"ಬೇಡಮ್ಮ, ಇಟ್ಕೊಳ್ಳಿ. ನಮ್ಮ ಕ್ಲಿನಿಕ್ಕಿನ ತೊಟ್ಟಿ?"

"ಅಲ್ಲೂ ಗಾಳಿ ಸೇರಿರುತ್ತೆ. ಸೋಮವಾರ ಬರ್ತೀನಿ."

ಮಗ ಅಮ್ಮನನ್ನು ಹೊಸಬಳನ್ನು ನೋಡುವಂತೆ ನೋಡಿದ.

ಗಾಡಿ ಐದು ನಿಮಿಷ ಮುಂಚೆಯೇ ಬಂತು. ಯಾರಿಗೂ ನೆಲ ಒರೆಸುವಷ್ಟು ವ್ಯವಧಾನವಿರಲಿಲ್ಲ. ನಾಲ್ವರು ಎತ್ತಿದರು. ಡಾಕ್ಟರು ಕಾಲಿನ ಕಡೆ ಹೆಗಲು ಕೊಟ್ಟರು. "ಮೆಲ್ಲಗೆ, ಮೆಟ್ಟಿಲಿದೆ," ಎನ್ನುತ್ತ ಮೈದುನ ಮುಂದೆ ನಡೆದ. ಹಜಾರದಿಂದ ಬೀದಿಯವರೆಗೆ ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಬರಿಗಾಲುಗಳ ಒದ್ದೆ ಗುರುತುಗಳು ಮೂಡಿದವು: ಹೊತ್ತವರದು ದಟ್ಟವಾಗಿ, ಜೋಡಿ ಜೋಡಿಯಾಗಿ, ಪಕ್ಕದಲ್ಲಿ ಅವಳದೊಂದು ಸಾಲು ಸಣ್ಣ ಹೆಜ್ಜೆ, ಅವಸರವಿಲ್ಲದ್ದು. ಗಾಡಿ ತಿರುವು ದಾಟುವ ಹೊತ್ತಿಗೆ ಹಿಮ್ಮಡಿಗಳು ಆರಿ, ಬೆರಳುಗಳಷ್ಟೇ ಉಳಿದಿದ್ದವು.