ಹಿತ್ತಿಲ ಬಾಗಿಲಿಗೆ ಕಟ್ಟಿದ ಬೇವು

ಗಿರಿಜಾಂಬಳಿಗೆ ಪಿಯುಸಿಯಲ್ಲಿ ಬಂದದ್ದು ನೂರಕ್ಕೆ ಐವತ್ತನಾಲ್ಕು. ಮೆಡಿಕಲ್ ಕಾಲೇಜಿನವರು ಸಂದರ್ಶನಕ್ಕೆ ಕರೆಯಬೇಕಾದರೆ ಅರವತ್ತಾದರೂ ಇರಬೇಕು. ಆರು ಅಂಕಕ್ಕೆ ಇಷ್ಟೊಂದು ಅಳುವುದುಂಟೇ ಎಂದು ರಾಮನಗರದ ಆ ಬೀದಿಯಲ್ಲಿ ಕೇಳಿದವರಿದ್ದಾರೆ. ಕೇಳುವವರಿಗೇನು, ಬಾಯಿಗೆ ಬಾಡಿಗೆ ಕೊಡಬೇಕೇ? ಬಾವಿಗಿಂತ ಆರು ಅಡಿ ಗಿಡ್ಡವಾದ ಹಗ್ಗ ಹಿಡಿದು ನಿಂತವಳಿಗೆ ಮಾತ್ರ ಆರು ಎಂದರೆ ಎಷ್ಟು ಎಂಬುದು ಗೊತ್ತು.

ಹುಡುಗಿ ದಡ್ಡಿಯಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ತಾಲ್ಲೂಕಿಗೇ ಎರಡನೆಯವಳು. ಇವಳಿಗೆ ಸೀಟು ಸಿಗದಿದ್ದರೆ ತಾನು ಪಾಠ ಹೇಳುವುದನ್ನೇ ಬಿಡುತ್ತೇನೆ ಎಂದು ಜೀವಶಾಸ್ತ್ರದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಪಂಥ ಕಟ್ಟಿದ್ದರಂತೆ. ಮೇಷ್ಟ್ರು ಬಿಡಲಿಲ್ಲ, ಆ ಮಾತು ಬೇರೆ. ನಡುವೆ ಬಂದದ್ದು ಸಿಡುಬು. ಅರವತ್ತೊಂಬತ್ತನೆಯ ಇಸವಿ, ಶಿವರಾತ್ರಿಯ ಮಾರನೆಯ ದಿನ ಜ್ವರ ಬಂತು; ಮೂರು ದಿನ ಕಳೆಯುವಷ್ಟರಲ್ಲಿ ಮುಖದ ತುಂಬ ಗುಳ್ಳೆ ಎದ್ದವು. ಪ್ರ್ಯಾಕ್ಟಿಕಲ್ ಪರೀಕ್ಷೆ ತಪ್ಪಿತು. ಯುಗಾದಿ ಮುಗಿದು ಉಳಿದ ಪರೀಕ್ಷೆಗಳಿಗೆ ಕೂತಾಗ ಪ್ರಶ್ನೆಪತ್ರಿಕೆಯ ಅಕ್ಷರಗಳು ಎರಡೆರಡಾಗಿ ಕಾಣುತ್ತಿದ್ದವು. ಅಷ್ಟರಲ್ಲೂ ಐವತ್ತನಾಲ್ಕು ತೆಗೆದದ್ದು ಅವಳ ಹಟ.

ಸಿಡುಬು ಹೋಗುವಾಗ ಮುಖವನ್ನೂ ಕೆಡಿಸಿ ಹೋಯಿತು. ಹೆಣ್ಣು ನೋಡಲು ಬಂದ ಒಬ್ಬರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದಮೇಲೆ ಅಪ್ಪ ಚನ್ನಲಿಂಗಪ್ಪ ಮಾತು ಕಡಿಮೆ ಮಾಡಿದ. ಮರಳವಾಡಿಯಲ್ಲಿ ಅವನ ತಂಗಿಯ ಮೈದುನ ಒಬ್ಬನಿದ್ದ. ಹೆಂಡತಿ ಸತ್ತವನು, ನಲವತ್ತು ದಾಟಿದವನು, ಮುಖದ ಕಲೆಗಳಿಗೆ ತನ್ನ ಅಡ್ಡಿಯಿಲ್ಲವೆಂದು ಹೇಳಿ ಕಳಿಸಿದ್ದ. ಸೀಟು ಸಿಕ್ಕರೆ ಓದು, ಸಿಗದಿದ್ದರೆ ಶ್ರಾವಣದಲ್ಲಿ ಮದುವೆ ಎಂದು ಅಪ್ಪ ಒಂದೇ ಸಲ ಹೇಳಿದ. ಅವನು ಒಂದೇ ಸಲ ಹೇಳುವ ಮಾತುಗಳೇ ನಡೆಯುವಂಥವು. ಗಿರಿಜಾಂಬ ಅಂದಿನಿಂದ ಸರಿಯಾಗಿ ಊಟ ಮಾಡಲಿಲ್ಲ.

ಪ್ರಿನ್ಸಿಪಾಲರು ಒಂದು ದಾರಿ ತೋರಿಸಿದರು. ಕಾಯಿಲೆಯಿಂದ ಅಂಕ ಕಡಿಮೆಯಾದವರು ಸರ್ಕಾರಿ ಡಾಕ್ಟರ ಸರ್ಟಿಫಿಕೇಟು ಇಟ್ಟರೆ ಆಯ್ಕೆ ಸಮಿತಿಯವರು ಹಳೆಯ ಅಂಕಗಳನ್ನೂ ನೋಡಿ ಸಂದರ್ಶನಕ್ಕೆ ಕರೆಯುವುದುಂಟು. ಆದರೆ ಸರ್ಟಿಫಿಕೇಟಿನ ತಾರೀಖು ಕಾಲೇಜಿನ ಹಾಜರಿಗೆ ತಾಳೆಯಾಗಬೇಕು. ಅವಳು ಕಾಲೇಜು ತಪ್ಪಿಸಿದ್ದು ಶಿವರಾತ್ರಿಯ ಮಾರನೆಯ ದಿನದಿಂದ. ಅರ್ಜಿ ತಲುಪಬೇಕಾದದ್ದು ಸೋಮವಾರ. ಅವರು ಹೇಳಿದ ದಿನ ಶುಕ್ರವಾರ.

ಆಸ್ಪತ್ರೆಯ ಡಾಕ್ಟರು ಪರಮಶಿವಯ್ಯ ಅವಳ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು. ಯಾವ ಡಾಕ್ಟರಿಗೆ ತೋರಿಸಿದಿರಿ ಎಂದು ಕೇಳಿದರು. ಯಾರಿಗೂ ಇಲ್ಲ ಎಂದಳು ಗಿರಿಜಾಂಬ. ಅವರಿಗೇನೂ ಆಶ್ಚರ್ಯವಾಗಲಿಲ್ಲ. ಅಮ್ಮ ಬಂದವರನ್ನು ಆಸ್ಪತ್ರೆಗೆ ಒಯ್ಯುವ ಎದೆಗಾರಿಕೆ ಆ ಸೀಮೆಯಲ್ಲಿ ಎಷ್ಟು ಜನಕ್ಕಿತ್ತು? ಬಂದವಳು ದೇವಿ, ದೇವಿಗೆ ಸೂಜಿ ಚುಚ್ಚುತ್ತಾರೆಯೇ? ಡಾಕ್ಟರು ದಾಕು, ಅಂದರೆ ಸಿಡುಬಿನ ಲಸಿಕೆ, ಹಾಕುವ ಬಾಬಾಜಾನನನ್ನು ಕರೆದು, ಅವನು ಮನೆಮನೆ ತಿರುಗಿ ಸಿಡುಬಿನ ಲೆಕ್ಕ ಬರೆಯುವ ಪುಸ್ತಕ ತರಿಸಿದರು. ಶಿವರಾತ್ರಿ ಕಳೆದು ಆರನೆಯ ದಿನದ ಪುಟದಲ್ಲಿ ಇತ್ತು: ಚನ್ನಲಿಂಗಪ್ಪನ ಮನೆ, ಯಾರಿಗೂ ಕಾಯಿಲೆ ಇಲ್ಲ, ಹೇಳಿದವರು ರೇವಮ್ಮ. ಪಕ್ಕದಲ್ಲಿ ಗಿರಿಜಾಂಬಳ ತಾಯಿಯ ಹೆಬ್ಬೆಟ್ಟು.

“ಕಾಯಿಲೆ ಬಂದಿತ್ತು ಅಂತ ಮುಖ ಹೇಳುತ್ತೆ ಕಣಮ್ಮ. ಯಾವಾಗ ಬಂದಿತ್ತು ಅಂತ ಹೇಳಲ್ಲ. ಈ ಪುಸ್ತಕ ನೋಡಿದ್ರೆ ಬಂದೇ ಇಲ್ಲ” ಎಂದರು ಡಾಕ್ಟರು. ಆ ದಿನಗಳಲ್ಲಿ ಅವಳು ಮಲಗಿದ್ದನ್ನು ಕಣ್ಣಾರೆ ಕಂಡ, ಮನೆಯವರಲ್ಲದ ಒಬ್ಬರಿಂದ ಹೇಳಿಕೆ ಬರೆಸಿ ತಂದರೆ ತಾನು ಸರ್ಟಿಫಿಕೇಟು ಕೊಡುವುದಾಗಿ ಹೇಳಿದರು. ಕಾಯಿಲೆ ಮುಚ್ಚಿಟ್ಟದ್ದು ತಪ್ಪು, ಅದನ್ನು ಈಗ ಕೆದಕುವುದಿಲ್ಲ ಎಂದೂ ಸೇರಿಸಿದರು. ಅವಳು ಹೊರಗೆ ಬಂದಾಗ ಬಾಬಾಜಾನ್ ಮೆಟ್ಟಿಲ ತನಕ ಜೊತೆಗೆ ಬಂದ. ಕೋಪವಿಲ್ಲದ ದನಿಯಲ್ಲೇ ಹೇಳಿದ: “ಅವತ್ತು ನಿಮ್ಮವ್ವ ಒಂದ್ ಮಾತು ಅಂದಿದ್ರೆ ಬೀದಿಗೆಲ್ಲ ಅವತ್ತೇ ದಾಕು ಹಾಕ್ಬುಡ್ತಿದ್ದೆ ಕಣವ್ವ. ಆ ಪಕ್ಕದ ಮನೆ ಕೂಸಿಗೂವೆ.”

ಗಿರಿಜಾಂಬ ಮನೆಯ ಕಡೆ ನಡೆದಳು.

ಪಕ್ಕದ ಮನೆಯ ಕೂಸೆಂದರೆ ಸರಸಮ್ಮನ ಚಲುವ. ಏಳು ವರ್ಷ ಕಾದು, ಕೆಂಗಲ್ ಹನುಮಂತರಾಯನಿಗೆ ಹರಕೆ ಹೊತ್ತು ಪಡೆದ ಮಗು. ಕಾಮನ ಹುಣ್ಣಿಮೆಯ ದಿನ ಅದಕ್ಕೆ ಜ್ವರ ಬಂತು. ಯುಗಾದಿಗೆ ನಾಲ್ಕು ದಿನವಿರುವಾಗ ಹೋಯಿತು. ಎಂಟು ತಿಂಗಳಾಗಿತ್ತು.

ಆಗ ನಡೆದದ್ದನ್ನು ಹೇಳಿಬಿಡಬೇಕು. ಅಮ್ಮ ಬಂದ ಮನೆಯ ಬೀದಿಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದು ರೂಢಿ. ಸೊಪ್ಪು ಕಂಡವರು ಹೊಸಿಲು ದಾಟುವುದಿಲ್ಲ, ಮಕ್ಕಳನ್ನಂತೂ ಆ ಕಡೆ ಬಿಡುವುದೇ ಇಲ್ಲ. ರೇವಮ್ಮನಿಗೆ ಎರಡು ಭಯ. ಸೊಪ್ಪು ಕಟ್ಟದಿದ್ದರೆ ಅಮ್ಮ ಮುನಿಯುತ್ತಾಳೆ; ಕಟ್ಟಿದರೆ ಬಾಬಾಜಾನ್ ಕಂಡು ಮಗಳನ್ನು ಊರಾಚೆಯ ಆಸ್ಪತ್ರೆಗೆ ಹಾಕಿಸುತ್ತಾನೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡು ಆ ಮಹಾತಾಯಿ ಬೇವನ್ನು ಹಿತ್ತಿಲ ಬಾಗಿಲಿಗೆ ಕಟ್ಟಿದಳು. ಬೀದಿಬಾಗಿಲು ಎಂದಿನಂತೆ ಬರಿದಾಗಿತ್ತು. ಸರಸಮ್ಮ ಎಂದಿನಂತೆ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಒಳಗೆ ಬಂದಳು. ಮಗಳಿಗೆ ಬರೀ ಜ್ವರ ಎಂದು ರೇವಮ್ಮ ಹೇಳಿ ಅಡಿಗೆಮನೆಗೆ ಹೋದಳು. ಕೆಳಗಿಳಿಸಿದ ಮಗು ತೆವಳಿಕೊಂಡು ಕೋಣೆಯೊಳಕ್ಕೆ ಹೋಯಿತು.

ಗಿರಿಜಾಂಬ ತಲೆತನಕ ದುಪ್ಪಟಿ ಹೊದ್ದು ಮಲಗಿದ್ದಳು. ನಾಲ್ಕು ದಿನದಿಂದ ಅವ್ವನನ್ನು ಬಿಟ್ಟು ಯಾರೂ ಅವಳನ್ನು ಮುಟ್ಟಿರಲಿಲ್ಲ. ಅವ್ವನೂ ಬೇವಿನ ಎಸಳಿನಿಂದಲೇ ಮುಟ್ಟುತ್ತಿದ್ದಳು. ಮಗು ದುಪ್ಪಟಿಯನ್ನು ಎಳೆದು ಕೇಕೆ ಹಾಕಿತು. ಅವಳು ಒಂದು ಬೆರಳನ್ನು ಆಚೆ ಚಾಚಿದಳು. ಮಗು ಅದನ್ನು ಹಿಡಿದು ಬಾಯಿಗಿಟ್ಟುಕೊಂಡಿತು. ತೆಗೆಯಬೇಕೆಂದು ಅವಳಿಗೆ ಗೊತ್ತಿತ್ತು. ಸಿಡುಬು ಹೇಗೆ ಹರಡುತ್ತದೆ ಎಂಬ ಪಾಠಕ್ಕೆ ಅವಳೇ ತರಗತಿಯಲ್ಲಿ ಉತ್ತರ ಹೇಳಿದ್ದಳು. ಆದರೂ ಸರಸಮ್ಮ ಬಂದು ಬಾಗಿಲಲ್ಲಿ ಬಗ್ಗಿ ಮಗುವನ್ನು ಎತ್ತಿಕೊಳ್ಳುವ ತನಕ ತೆಗೆಯಲಿಲ್ಲ.

ಮಗುವಿಗೆ ಗುಳ್ಳೆ ಎದ್ದ ಸುದ್ದಿ ಬಂದ ಬೆಳಿಗ್ಗೆಯೇ, ಒಣಗಿದ ಗುಳ್ಳೆಯ ಹೊಪ್ಪಳೆ ಉದುರುತ್ತಿದ್ದ ಗಿರಿಜಾಂಬಳನ್ನು ಸೆರಗು ಮುಚ್ಚಿ ಮರಳವಾಡಿಯ ಅತ್ತೆಯ ಮನೆಗೆ ಸಾಗಿಸಿದರು. ಅವಳು ಕಲೆಬಿದ್ದ ಮುಖದೊಂದಿಗೆ ಹಿಂದಿರುಗಿದಾಗ ರೇವಮ್ಮ ಬೀದಿಗೆ ಒಂದು ಕತೆ ಹೇಳಿದಳು. ಸರಸಮ್ಮನ ಮಗುವಿನಿಂದ ನಮ್ಮ ಹುಡುಗಿಗೆ ಅಂಟಿತು, ಹೋದಲ್ಲಿ ಕಾಣಿಸಿಕೊಂಡಿತು ಎಂದು. ಬೀದಿ ನಂಬಿತು. ಎಲ್ಲರಿಗಿಂತ ಹೆಚ್ಚಾಗಿ ಸರಸಮ್ಮ ನಂಬಿದಳು. ಮಗುವನ್ನು ಕಳೆದುಕೊಂಡ ಹೆಂಗಸು ಅಂದಿನಿಂದ ಬೆಣ್ಣೆಗೆ ಅರಿಸಿನ ಕಲೆಸಿ, ನಮ್ಮನೆಯಿಂದಲೇ ಅಲ್ಲವೇ ನಿನ್ನ ಮುಖ ಹೀಗಾದದ್ದು ಎಂದು ಅಳುತ್ತ ಗಿರಿಜಾಂಬಳ ಕಲೆಗಳಿಗೆ ಹಚ್ಚುತ್ತಿದ್ದಳು. ಗಿರಿಜಾಂಬ ಕಣ್ಣು ಮುಚ್ಚಿಕೊಂಡು ಹಚ್ಚಿಸಿಕೊಳ್ಳುತ್ತಿದ್ದಳು. ಇದಕ್ಕಿಂತ ಕೆಟ್ಟ ಕೆಲಸವನ್ನು ಅವಳು ತನ್ನ ಆಯುಸ್ಸಿನಲ್ಲಿ ಮಾಡಿರಲಿಲ್ಲ, ಅದು ಅವಳಿಗೆ ತಿಳಿದಿತ್ತು.

ಈಗ ಶಿವರಾತ್ರಿಯ ದಿನಗಳಲ್ಲಿ ಅವಳು ಮಲಗಿದ್ದನ್ನು ಕಂಡ ಹೊರಗಿನವರು ಯಾರು? ಒಬ್ಬಳೇ. ಶನಿವಾರವೆಲ್ಲ ತಾಯಿಮಗಳು ಬೇರೆ ಹೆಸರು ಹುಡುಕಿದರು. ಹಾಲಿನವನು ಬಾಗಿಲಲ್ಲೇ ಹೋಗುತ್ತಿದ್ದ. ಪೂಜೆಯ ಅಯ್ಯನವರು ಊರಲ್ಲಿರಲಿಲ್ಲ. ಬೇರೆ ತಾರೀಖು ಹಾಕಿದರೆ ಕಾಲೇಜಿನ ಹಾಜರಿ ಒಪ್ಪುವುದಿಲ್ಲ. ಸರಸಮ್ಮನಿಗೆ ಓದಲು ಬರುವುದಿಲ್ಲ, ಕಾಲೇಜಿಗೆ ಬೇಕು ಎಂದರೆ ಹೆಬ್ಬೆಟ್ಟು ಒತ್ತುತ್ತಾಳೆ, ನೀನು ಬಾಯಿ ಬಿಡಬೇಡ ಎಂದಳು ರೇವಮ್ಮ. ಗಿರಿಜಾಂಬ ಹೇಳಿಕೆಯನ್ನು ಮೂರು ಸಲ ಬರೆದು ಮೂರು ಸಲ ಹರಿದಳು. ಭಾನುವಾರ ಬೆಳಗಾಗುವಷ್ಟರಲ್ಲಿ ನಾಲ್ಕನೆಯದು ಸಿದ್ಧವಾಯಿತು. ಮರಳವಾಡಿಯಿಂದ ಅತ್ತೆ ಅಂದೇ ಮಧ್ಯಾಹ್ನ ಬರುವವಳಿದ್ದಳು, ಎಲೆ ಅಡಿಕೆ ತೆಗೆದುಕೊಂಡು.

ಸರಸಮ್ಮ ರೇಷ್ಮೆಗೂಡು ಆರಿಸುತ್ತ ಜಗಲಿಯ ಮೇಲೆ ಕೂತಿದ್ದಳು. ವಿಷಯ ಕೇಳಿ ಕೈ ಒರೆಸಿಕೊಂಡಳು. ಡಾಕ್ಟರಾಗುತ್ತಾಳೆಂದರೆ ಒಂದಲ್ಲ ಹತ್ತು ಹೆಬ್ಬೆಟ್ಟು ಒತ್ತುತ್ತೇನೆ, ತನ್ನ ಮಗುವಿಗೆ ಅಂಥವರು ಒಬ್ಬರಿದ್ದಿದ್ದರೆ ಎಂದಳು. ರೇವಮ್ಮ ಮಸಿಯ ಡಬ್ಬಿಯನ್ನು ತೆರೆದು ಮುಂದಿಟ್ಟಳು.

“ಓದವ್ವ ಒಸಿ. ಏನ್ ಬರ್ದಿದ್ದೀಯೋ ಕೇಳ್ತೀನಿ” ಎಂದಳು ಸರಸಮ್ಮ. “ನೀನು ಓದಾದು ಕೇಳಕ್ಕೇ ಚೆಂದ.”

ಓದಲು ಬಾರದವಳ ಮುಂದೆ ಕಾಗದ ಹಿಡಿದು ಏನು ಬೇಕಾದರೂ ಓದಬಹುದು. ಗಿರಿಜಾಂಬಳ ನಾಲಿಗೆಯ ಮೇಲೆ ಸುಳ್ಳು ಸಿದ್ಧವಾಗಿಯೇ ಇತ್ತು. ತಾರೀಖು ಬಿಟ್ಟು, ಕಾಯಿಲೆಯ ಹೆಸರು ಬಿಟ್ಟು, ಒಳ್ಳೆಯ ನಡತೆಯ ಹುಡುಗಿ ಎಂದು ಓದಿ ಮುಗಿಸಬಹುದಿತ್ತು. ಅವ್ವ ಹಿಂದಿನಿಂದ ಸೊಂಟಕ್ಕೆ ತಿವಿಯುತ್ತಿದ್ದಳು. ಆದರೆ ಸರಸಮ್ಮ ಹಾಡು ಕೇಳಲು ಕೂತವಳ ಹಾಗೆ ಕತ್ತು ವಾಲಿಸಿ ಕೂತಿದ್ದಳು. ಆ ಮುಖದ ಮುಂದೆ ಇನ್ನೊಂದು ಸುಳ್ಳು ಹೊರಡಲಿಲ್ಲ. ಅವಳು ಬರೆದದ್ದನ್ನು ಬರೆದ ಹಾಗೇ ಓದಿದಳು: ಶಿವರಾತ್ರಿ ಕಳೆದ ಐದನೆಯ ದಿನ ಚನ್ನಲಿಂಗಪ್ಪನವರ ಮನೆಗೆ ಹೋದಾಗ, ಅವರ ಮಗಳು ಗಿರಿಜಾಂಬ ಸಿಡುಬಿನಿಂದ ಹಾಸಿಗೆ ಹಿಡಿದು ಮಲಗಿದ್ದನ್ನು ನಾನು ಕಣ್ಣಾರೆ ಕಂಡಿರುತ್ತೇನೆ.

ಸರಸಮ್ಮ ಬೆರಳು ಮಡಿಸತೊಡಗಿದಳು. ಶಿವರಾತ್ರಿಯಿಂದ ಕಾಮನ ಹುಣ್ಣಿಮೆಗೆ ಬಂದಳು, ಹಿಂದಕ್ಕೆ ಹೋದಳು, ಮತ್ತೆ ಬಂದಳು. ರೇವಮ್ಮ, ಎಲ್ಲ ಅಮ್ಮನ ಇಚ್ಛೆ, ಆಕೆ ಎಲ್ಲಿಂದ ಎಲ್ಲಿಗಾದರೂ ಹೋಗುತ್ತಾಳೆ ಎಂದು ಶುರುಮಾಡಿದಳು. ಸರಸಮ್ಮ ಅವಳ ಕಡೆ ತಿರುಗಲಿಲ್ಲ.

“ನನ್ ಕೂಸು ತೆವಳ್ಕಂಡು ನಿನ್ ತಾವ ಬಂತಲ್ಲ, ಅವತ್ತು ಅದು ಸಿಡುಬು ಅಂತ ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು ಸರಸಕ್ಕ.”

“ಅಂಟ್ಕತದೆ ಅಂತಲೂವೆ?”

“ಅದೂ ಗೊತ್ತಿತ್ತು.”

ಮಡಿಲಲ್ಲಿದ್ದ ಗೂಡುಗಳು ಜಗಲಿಯ ಮೇಲೆ ಉರುಳಿದವು, ಸರಸಮ್ಮ ಆರಿಸಿಕೊಳ್ಳಲಿಲ್ಲ. ಗಿರಿಜಾಂಬಳಿಗೆ ಅವಳು ಬೈಯಲಿ, ಕಾಗದ ಹರಿದು ಮುಖಕ್ಕೆ ಎಸೆಯಲಿ ಎನ್ನಿಸಿತು. ಹರಿದರೆ ನಾಳೆ ಸೋಮವಾರ, ಶ್ರಾವಣ, ಮರಳವಾಡಿ ಎಂದೂ ಅದೇ ಉಸಿರಿನಲ್ಲಿ ಎನ್ನಿಸಿತು. ಕಾಲಿಗೆ ಬೀಳಲು ಬಗ್ಗಿದಳು. ಸರಸಮ್ಮ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.

ಆಮೇಲೆ ಅವಳೇ ಮಸಿಯ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡು ಹೆಬ್ಬೆರಳನ್ನು ಅದ್ದಿದಳು. ಕಾಗದವನ್ನು ಗಿರಿಜಾಂಬಳ ಕೈಯಿಂದ ತೆಗೆದುಕೊಂಡು, ಎಲ್ಲಿ ಒತ್ತಬೇಕೆಂದೂ ಕೇಳದೆ, ಬರೆಹ ಮುಗಿದ ಜಾಗದಲ್ಲಿ ಒತ್ತಿದಳು.

“ದಿಟಾನೇ ಬರ್ದಿದ್ದೀಯ. ತಗಂಡೋಗು, ಡಾಕ್ಟ್ರಾಗು” ಎಂದಳು. “ನಮ್ ಮನೇಲಿ ಇನ್ ಯಾವತ್ತಾರ ಒಂದ್ ಕೂಸು ಹುಟ್ಟುದ್ರೆ, ಅದ್ರ ಹತ್ರ ಮಾತ್ರ ಬರಬ್ಯಾಡ.”

ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಗಿರಿಜಾಂಬ ಜಗಲಿಯ ಕೆಳಗೆ ನಿಂತು ಅಳುತ್ತಿದ್ದಳು, ನಿಜವಾಗಿಯೇ ಅಳುತ್ತಿದ್ದಳು. ಅಳುತ್ತಲೇ ಕಾಗದವನ್ನು ಬೆಳಕಿಗೆ ಹಿಡಿದು, ಹೆಬ್ಬೆಟ್ಟಿನ ಗೆರೆಗಳು ಸರಿಯಾಗಿ ಮೂಡಿವೆಯೇ ಎಂದು ನೋಡಿದಳು.