ದಿಂಬಿನ ಕವರಿಗೆ ಮೊದಲ ಬಹುಮಾನ

ಬೆಡ್‌ಶೀಟ್ ಮಡಿಸುವುದು ಇಬ್ಬರ ಕೆಲಸ. ಎದುರುಬದುರು ನಿಂತು, ತಲಾ ಎರಡು ಮೂಲೆ ಹಿಡಿದು, ಒಮ್ಮೆ ಒದರಿ, ಒಮ್ಮೆ ಜಗ್ಗಿ, ಆಮೇಲೆ ಹತ್ತಿರ ಬಂದು ಮೂಲೆಗೆ ಮೂಲೆ ಕೂಡಿಸಬೇಕು. ಆಸ್ಪತ್ರೆಯ ಬಟ್ಟೆ ಒಗೆಯುವ ನಮ್ಮ ಲಾಂಡ್ರಿಯಲ್ಲಿ ಮಡಿಸುವವರು ಎಂಟು ಮಂದಿ, ಅಂದರೆ ನಾಲ್ಕು ಜೋಡಿ. ಒಂಬತ್ತು ವರ್ಷ ನನ್ನೆದುರು ನಿಂತವಳು ದೊಡ್ಡಕ್ಕ. ವಯಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡವಳಾದ್ದರಿಂದ ಎಲ್ಲರಿಗೂ ಅವಳು ದೊಡ್ಡಕ್ಕನೇ.

ಅವಳ ಬಲಗೈ ಭುಜದಿಂದ ಮೇಲಕ್ಕೆ ಏಳುವುದಿಲ್ಲ. ಹಾಗಾಗಿ ನಾನು ಸ್ವಲ್ಪ ಬಗ್ಗಿ ಹಿಡಿಯುತ್ತಿದ್ದೆ. ಆದರೆ ಅವಳು ಮಡಿಸಿದ ಬಟ್ಟೆಯಲ್ಲಿ ಒಂದು ಸುಕ್ಕು ಹುಡುಕಿ ನೋಡೋಣ. ಅವಳ ಅತ್ತೆ ಎರಡು ವರ್ಷ ಹಾಸಿಗೆ ಹಿಡಿದು ಬೆನ್ನೆಲ್ಲ ಹುಣ್ಣಾಗಿ ಸತ್ತವರು. "ಎದ್ದು ಓಡಾಡೋರಿಗೆ ಇದು ಸುಕ್ಕು ಕಣೆ, ಮಲಗಿದೋರಿಗೆ ಮುಳ್ಳು" ಅನ್ನುತ್ತಿದ್ದಳು. ಹಾಗೆ ಮಡಿಸಿದ್ದಕ್ಕೆ ಯಾರೂ ಅವಳಿಗೆ ಏನೂ ಕೊಟ್ಟಿರಲಿಲ್ಲ. ಅವಳೂ ಕೇಳಿರಲಿಲ್ಲ.

ಹೊಸ ಸೂಪರ್‌ವೈಸರ್ ಬಂದು ಗೋಡೆಗೆ ಒಂದು ಕಪ್ಪು ಹಲಗೆ ಹಾಕಿಸಿದರು. ಒಬ್ಬೊಬ್ಬರ ಕೈಗೂ ಒಂದು ಎಣಿಕೆ ಯಂತ್ರ ಕೊಟ್ಟರು. ಹೆಬ್ಬೆರಳಿಂದ ಒತ್ತಿದರೆ ಅಂಕಿ ಒಂದು ಮುಂದೆ ಹೋಗುತ್ತದೆ. ತಿಂಗಳಿಗೆ ಮೊದಲು ಬಂದವರಿಗೆ ಗೋಡೆ ಗಡಿಯಾರ, ಜೊತೆಗೆ ಬಾಗಿಲ ಬಳಿ ಫೋಟೊ.

"ಬೆಡ್‌ಶೀಟಿಗೆ ಯಾರು ಒತ್ತಬೇಕು ಸರ್? ನಾವು ಇಬ್ಬರಿರ್ತೀವಿ" ಎಂದು ಕೇಳಿದೆ.

"ಒಂದು ಸಲ ಇವರು, ಒಂದು ಸಲ ಅವರು ಒತ್ತಿ. ಅದೂ ನಾನೇ ಹೇಳಬೇಕಾ?"

ಸಂಜೆ ಶಾಲೆಗೆ ಹೋಗುವವಳು, ಅಕ್ಷರ ದುಂಡಗಿದೆ ಎಂದು ಹಲಗೆ ಬರೆಯುವ ಕೆಲಸ ನನಗೇ ಬಂತು. ಅದೇ ಕಾರಣಕ್ಕೆ ಎಲ್ಲರೂ ನನ್ನನ್ನು ಟೀಚರಮ್ಮ ಅಂತ ರೇಗಿಸುತ್ತಿದ್ದರು.

ಮೊದಲ ವಾರ ಒಂದು ನನಗೆ, ಒಂದು ಅಕ್ಕನಿಗೆ ಎಂದು ಒತ್ತಿದೆವು. ಎರಡನೇ ವಾರ ನಮ್ಮಲ್ಲಿ ಗಡಿಬಿಡಿ ಎಂದು ಹೆಸರಾದವಳು ಒಂದು ಗುಟ್ಟು ಕಂಡುಹಿಡಿದಳು. ದಿಂಬಿನ ಕವರಿಗೆ ಇಬ್ಬರು ಬೇಕಿಲ್ಲ, ಚಿಟಿಕೆ ಹೊಡೆಯುವಷ್ಟರಲ್ಲಿ ಒಂದು ಮಡಿಸಬಹುದು. ಹಲಗೆಯ ಕಣ್ಣಿಗೆ ಕವರೂ ಒಂದೇ, ಬೆಡ್‌ಶೀಟೂ ಒಂದೇ. ಅಂದಿನಿಂದ ಕವರಿನ ಬುಟ್ಟಿಗೆ ನೂಕುನುಗ್ಗಲು.

ಮೂರನೇ ವಾರ ನಾನೂ ಹೋದೆ. ಇದನ್ನು ಹೇಗೆ ಹೇಳಿದರೂ ಚೆನ್ನಾಗಿ ಕಾಣುವುದಿಲ್ಲ. ಜೀವಮಾನದಲ್ಲಿ ಯಾವುದರಲ್ಲೂ ಮೊದಲು ಬಂದವಳಲ್ಲ ನಾನು. ಹಲಗೆಯ ಮೇಲೆ ನನ್ನ ಹೆಸರನ್ನು ನಾನೇ ಎರಡನೇ ಸಾಲಿನಲ್ಲಿ ಬರೆದ ದಿನ, ಮೊದಲ ಸಾಲು ಎಷ್ಟು ಹತ್ತಿರ ಕಂಡಿತು.

"ಅಕ್ಕಾ, ಈ ಒಂದು ವಾರ" ಅಂದೆ.

"ಹೋಗು, ಹೋಗು" ಅಂದಳು ದೊಡ್ಡಕ್ಕ. ಗಲ್ಲದ ಕೆಳಗೆ ಬೆಡ್‌ಶೀಟಿನ ಅಂಚು ಒತ್ತಿ ಹಿಡಿದು ಒಬ್ಬಳೇ ಮಡಿಸತೊಡಗಿದಳು. ಅಂಚು ನೆಲಕ್ಕೆ ತಾಗಿದರೆ ಮತ್ತೆ ಒಗೆಯಲು ಹಾಕುವಳು. ನಾನು ಆ ಕಡೆ ಬೆನ್ನು ಹಾಕಿ ನಿಂತೆ.

ತಿಂಗಳ ಕೊನೆಯ ಶುಕ್ರವಾರ ಆಸ್ಪತ್ರೆಯಿಂದ ಫೋನು ಬಂತು. ಬೆಡ್‌ಶೀಟ್ ಸಾಲದೆ ರೋಗಿಗಳು ಬರೀ ರೆಕ್ಸಿನ್ ಮೇಲೆ ಮಲಗಿದ್ದಾರಂತೆ. ಮಡಿಸದ ಬೆಡ್‌ಶೀಟು ಕಿಟಕಿಯ ಎತ್ತರಕ್ಕೆ ರಾಶಿ ಬಿದ್ದಿತ್ತು. ಕವರು ಮಾತ್ರ ಬೇಕಾದ್ದಕ್ಕಿಂತ ಮೂರು ಪಟ್ಟು. ಆ ರೋಗಿಗಳಲ್ಲಿ ಒಬ್ಬರಾದರೂ ದೊಡ್ಡಕ್ಕನ ಅತ್ತೆಯ ಹಾಗೆ ಇರಲೇಬೇಕಲ್ಲ ಎಂದು ನೆನೆದು ಊಟದ ಡಬ್ಬಿ ಮುಚ್ಚಿಟ್ಟೆ.

ಶನಿವಾರ ಸೂಪರ್‌ವೈಸರ್ ಎಲ್ಲರನ್ನೂ ನಿಲ್ಲಿಸಿ ನನಗೆ ಗಡಿಯಾರ ಕೊಟ್ಟರು. ಚಪ್ಪಾಳೆ ತಟ್ಟಿಸಿದರು. ಆಮೇಲೆ ಹೇಳಿದರು, "ಬೆಡ್‌ಶೀಟ್ ಕೆಲಸ ಕುಂಟ್ತಿದೆ. ಯಾಕೆ? ಕೆಲವರಿಗೆ ಹುಮ್ಮಸ್ಸಿಲ್ಲ. ಬಹುಮಾನ ಒಂದೇ ಸಾಲದು. ಸೋಮವಾರ ಎಲ್ಲರ ಯಂತ್ರ ಸೊನ್ನೆಗೆ ತರ್ತೀನಿ. ಶನಿವಾರ ಯಾರು ಕೊನೆಗಿರ್ತಾರೋ ಅವರು ಒದ್ದೆ ವಿಭಾಗಕ್ಕೆ. ಪ್ರತಿ ವಾರ ಹೀಗೇ."

ಹಲಗೆಯ ಕೊನೆಯ ಸಾಲಿನಲ್ಲಿದ್ದವಳು ದೊಡ್ಡಕ್ಕ. ಆ ಹೊತ್ತಿಗೆ ಇಡೀ ಕೋಣೆಯಲ್ಲಿ ಬೆಡ್‌ಶೀಟ್ ಮಡಿಸುತ್ತಿದ್ದವಳು ಅವಳೊಬ್ಬಳೇ.

ಒದ್ದೆ ವಿಭಾಗವೆಂದರೆ ಯಂತ್ರದಿಂದ ನೀರು ಕುಡಿದ ಬಟ್ಟೆ ಎಳೆದು ಎದೆಯೆತ್ತರದ ಗಾಡಿಗೆ ಎತ್ತಿ ಹಾಕುವುದು. "ಈ ಭುಜ ಇಟ್ಕೊಂಡು ಎರಡು ದಿನ ತಡೆದೇನು" ಅಂದಳು ದೊಡ್ಡಕ್ಕ ಚೀಲ ಹೆಗಲಿಗೆ ಹಾಕುತ್ತ. "ಮೂರನೇ ದಿನ ಮನೇಲಿರ್ತೀನಿ. ಮನೇಲಿ ಕೂತರೆ ಯಾರು ಸಂಬಳ ಕೊಡ್ತಾರೆ?" ನನ್ನ ಕೈಯಲ್ಲಿದ್ದ ಗಡಿಯಾರದ ಡಬ್ಬದ ಕಡೆ ಅವಳು ನೋಡಲೂ ಇಲ್ಲ. ನೋಡಿದ್ದರೆ ವಾಸಿಯಿತ್ತು.

ಮನೆಯಲ್ಲಿ ನಮ್ಮೆಜಮಾನರು ಸುತ್ತಿಗೆ ತಂದರು. "ಎಲ್ಲಿ ಹೊಡೀಲಿ ಮೊಳೆ?"

"ಎಲ್ಲೂ ಬೇಡ."

"ಮೊದಲ ಬಹುಮಾನ ತಂದು ಹುಳಿ ಮುಖ ಮಾಡ್ಕೊಂಡಿದೀಯಲ್ಲ" ಎಂದು ಡಬ್ಬವನ್ನು ಮಂಚದ ಕೆಳಗೆ ತಳ್ಳಿದರು.

ಸೋಮವಾರ ಬೆಳಿಗ್ಗೆ ಸೂಪರ್‌ವೈಸರ್ ಕೋಣೆಗೆ ಹೋದೆ. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡಿದ್ದೆ. ಮುಷ್ಟಿಯೊಳಗೇ ಬೆವರಿಗೆ ಅಳಿಸಿಹೋಯಿತು.

"ಸರ್, ದೊಡ್ಡಕ್ಕ ಹಿಂದೆ ಬಿದ್ದಿರೋದು ಕೆಲಸ ಮಾಡಿದ್ದಕ್ಕೆ. ನಾನು ಮೊದಲು ಬಂದಿದ್ದು ತಪ್ಪಿಸ್ಕೊಂಡಿದ್ದಕ್ಕೆ."

"ನಿಮಗೆ ಗಡಿಯಾರ ಕೊಟ್ಟಿದ್ದೀವಲ್ಲ. ಮತ್ತೇನು ತಕರಾರು?"

"ಹಲಗೆ ಬರೋಕೆ ಮುಂಚೆ ಒಂಬತ್ತು ವರ್ಷ ಆಸ್ಪತ್ರೆಗೆ ಒಂದು ಬೆಡ್‌ಶೀಟೂ ಕಮ್ಮಿ ಬಿದ್ದಿಲ್ಲ ಸರ್."

"ನೋಡಿ, ಮುಂದೆ ಏನಾದರೂ ತೋರಿಸದೆ ಯಾರೂ ದುಡಿಯೋದಿಲ್ಲ. ಅದು ಮನುಷ್ಯನ ಗುಣ."

ನನ್ನ ಕಿವಿ ಬಿಸಿಯಾಯಿತು. ಒಂಬತ್ತು ವರ್ಷ ಆ ಹೆಂಗಸು ನೋಯುವ ಭುಜ ಹೊತ್ತು ಯಾರದೋ ಬೆನ್ನಿಗಾಗಿ ಸುಕ್ಕು ತೀಡಿದ್ದಳು. ಅದನ್ನು ಈ ಮನುಷ್ಯ ಒಂದು ಮಾತಿನಲ್ಲಿ ಒರೆಸಿಹಾಕಿದ. ಒರೆಸಲು ಅವನ ಕೈಗೆ ಬಟ್ಟೆ ಕೊಟ್ಟವಳು ನಾನೇ. ದುಂಡಗಿನ ಅಕ್ಷರದಲ್ಲಿ.

ಕೆಲಸ ಶುರುವಾಗುವ ಮುಂಚಿನ ಚಹಾ ಹೊತ್ತಿಗೆ ಎಲ್ಲರಿಗೂ ಹೇಳಿದೆ. "ಇವತ್ತಿಂದ ಯಾರೂ ಯಂತ್ರ ಒತ್ತೋದು ಬೇಡ. ಜೋಡಿಯಾಗಿ ಬೆಡ್‌ಶೀಟ್ ಮಡಿಸೋಣ."

"ಗಡಿಯಾರ ಮನೆ ಸೇರಿದ ಮೇಲೆ ನ್ಯಾಯ ನೆನಪಾಯ್ತಾ ಟೀಚರಮ್ಮಾ?" ಅಂದಳು ಗಡಿಬಿಡಿ. ಎಲ್ಲರೂ ನಕ್ಕರು. ದೊಡ್ಡಕ್ಕ ನಗಲಿಲ್ಲ, ಚಹಾ ಊದುತ್ತ ಕೂತಿದ್ದಳು.

"ಹೌದು" ಅಂದೆ. "ಆದರೆ ಒಂದು ಲೆಕ್ಕ ಹೇಳು. ಈ ಶನಿವಾರ ದೊಡ್ಡಕ್ಕ ಹೋಗ್ತಾಳೆ. ಅದರಾಚೆ ಶನಿವಾರ ಕೊನೆಗಿರೋರು ಯಾರು?"

ನಗು ನಿಂತಿತು. ಒಬ್ಬರು ಇನ್ನೊಬ್ಬರ ಕೈ ನೋಡಿಕೊಂಡರು. ಗಡಿಬಿಡಿಗೆ ಆಗ ಐದು ತಿಂಗಳು. ಬಗ್ಗಲು ಆಗಲೇ ಕಷ್ಟಪಡುತ್ತಿದ್ದಳು.

"ಇವಳನ್ನ ಸಂಜೆ ಶಾಲೆಗೆ ಕಳಿಸಿದ್ದೇ ತಪ್ಪಾಯ್ತು" ಎಂದು ಗೊಣಗಿ, ಸೊನ್ನೆಗೆ ತಂದಿದ್ದ ಯಂತ್ರವನ್ನು ಬಿಸ್ಕತ್ತಿನ ಖಾಲಿ ಡಬ್ಬದಲ್ಲಿ ಹಾಕಿದಳು. ಆಮೇಲೆ ಒಂದೊಂದಾಗಿ ಎಂಟೂ ಅದರಲ್ಲಿ ಬಿದ್ದವು.

ನಾನು ದೊಡ್ಡಕ್ಕನ ಎದುರು ಹೋಗಿ ನಿಂತೆ. ಅವಳು ಬಹಳ ಹೊತ್ತು ಮೂಲೆ ಕೊಡಲಿಲ್ಲ. ಒಬ್ಬಳೇ ಎರಡು ಮಡಿಸಿದಳು. ಮೂರನೆಯದನ್ನು ಎತ್ತಿಕೊಂಡು, "ಬಗ್ಗಿ ಹಿಡಿ. ಮರೆತುಬಿಟ್ಯಾ?" ಅಂದಳು.

ಗುರುವಾರದ ಹೊತ್ತಿಗೆ ರಾಶಿ ಕರಗಿ ಕಿಟಕಿ ಕಂಡಿತು.

ಶನಿವಾರ ಸೂಪರ್‌ವೈಸರ್ ಯಂತ್ರಗಳನ್ನು ಒಂದೊಂದಾಗಿ ಓದಿದರು, ನಾನು ಹಲಗೆಯ ಮೇಲೆ ಬರೆದೆ. ಎಂಟು ಸೊನ್ನೆ. ಮೂರನೆಯದು ಮೊಟ್ಟೆಯ ಹಾಗಾಯಿತು.

"ಏನಿದು ತಮಾಷೆ? ಕೊನೆಯವರು ಯಾರು?"

"ನಾನೇ ಸರ್" ಅಂದೆ. "ಮೊದಲನೆಯವಳೂ ನಾನೇ."

"ನಾನೂ" ಅಂದಳು ಗಡಿಬಿಡಿ. "ಎಂಟೂ ಜನರನ್ನ ಒದ್ದೆಗೆ ಕಳಿಸಿದರೆ ಮಡಿಸೋರು ಯಾರು ಸರ್?"

ಅವರು ನಮ್ಮನ್ನು ನೋಡಿದರು, ಬೆಡ್‌ಶೀಟಿನ ರಾಶಿಯಿದ್ದ ಖಾಲಿ ಜಾಗವನ್ನು ನೋಡಿದರು. ಹಲಗೆ ಒರೆಸಿ ಹೊರಟುಹೋದರು. ದೊಡ್ಡಕ್ಕ ಒದ್ದೆ ವಿಭಾಗಕ್ಕೆ ಹೋಗಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ನನ್ನ ಹೊಟ್ಟೆ ತಣ್ಣಗಿರುತ್ತಿತ್ತು. ಮುಂದಿನ ವಾರ ಬಾಗಿಲ ಬಳಿ, ನನ್ನ ಫೋಟೊದ ಪಕ್ಕದಲ್ಲೇ, ಮೇಲಿನ ಕಚೇರಿಯ ಕಾಗದವೊಂದನ್ನು ಅಂಟಿಸಿದ್ದರು. ಬಹುಮಾನ ಯೋಜನೆಯಿಂದಾಗಿ ಬೆಡ್‌ಶೀಟ್ ಕೊರತೆ ನೀಗಿದೆ, ಇದನ್ನು ರೂಪಿಸಿದ ಸೂಪರ್‌ವೈಸರ್ ಅವರಿಗೆ ಅಭಿನಂದನೆ.

ದೊಡ್ಡಕ್ಕನಿಗೆ ಓದಲು ಬರುವುದಿಲ್ಲ. "ಏನಂತೆ?" ಎಂದು ಕೇಳಿದಳು.

ಓದಿ ಹೇಳಿದೆ. ನನ್ನ ದನಿ ಒಡೆಯಿತು, ಸಿಟ್ಟಿಗೆ. ಫೋಟೊವನ್ನು ಗೋಡೆಯಿಂದ ಕಿತ್ತು ಜೇಬಿಗೆ ತುರುಕಿಕೊಂಡೆ. ಕಾಗದಕ್ಕೂ ಕೈ ಹಾಕುತ್ತಿದ್ದೆ.

"ಅದು ಇರಲಿ ಬಿಡು" ಅಂದಳು ಅವಳು, ಬೆಡ್‌ಶೀಟಿನ ಎರಡು ಮೂಲೆ ನನ್ನ ಕಡೆ ಚಾಚುತ್ತ. "ಅದನ್ನ ಹಾಸ್ಕೊಂಡು ಯಾರೂ ಮಲಗಲ್ಲ."